ಕರೆನ್ಸಿ ಮುಗಿದ ಆರು ದಿನ

ಪರದೇಶಕ್ಕೆ ಹೊರಡುವ ನಮ್ಮ ಜನ ಏನನ್ನು ಮರೆತರೂ ಉಪ್ಪಿನಕಾಯಿಯನ್ನು ಮರೆಯುವುದಿಲ್ಲ. ಪೆಟ್ಟಿಗೆಯ ತೂಕ ಮಿತಿ ಮೀರಿತೆಂದರೆ ಎರಡು ಅಂಗಿಗಳನ್ನು ಹೊರಗೆ ತೆಗೆದಿಟ್ಟಾರು, ಉಣ್ಣೆಯ ಕೋಟನ್ನು ಮೈಮೇಲೆ ಹೇರಿಕೊಂಡು ಬೆವರುತ್ತಲೇ ವಿಮಾನ ಹತ್ತಿಯಾರು. ಭರಣಿಯನ್ನು ಮಾತ್ರ ಬಿಡರು. ನಾನೂ ಬಿಡಲಿಲ್ಲ. 2024ರ ಯುಗಾದಿಗೆ ಸರಿಯಾಗಿ ಬರಬೇಕೆಂದು ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿರುವ ಮಗಳು ಹಟ ಹಿಡಿದಿದ್ದಳು. ಏಪ್ರಿಲ್ 7ರ ಭಾನುವಾರ ಸಂಜೆ ಹೆಸರಘಟ್ಟದ ನಮ್ಮ ಮನೆಯಲ್ಲಿ ಪೆಟ್ಟಿಗೆಗೆ ಹಗ್ಗ ಬಿಗಿದಾಗ ಮಾವಿನ ಮಿಡಿ ಒಳಗೆ ಭದ್ರವಾಗಿತ್ತು. ಇನ್ನು ಉಳಿದದ್ದು ಒಂದೇ ಕೆಲಸ: ಫೋನಿಗೆ ಕರೆನ್ಸಿ ಹಾಕಿಸುವುದು.

‘ಕರೆನ್ಸಿ’ ಎಂಬ ಮಾತನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಅನ್ಯರು ರೀಚಾರ್ಜ್ ಎನ್ನುವುದನ್ನು ನಾವು ಕರೆನ್ಸಿ ಎಂದೆವು. ನೋಟಿಗೂ ಮಾತಿಗೂ ಒಂದೇ ಹೆಸರಿಟ್ಟ ಈ ಜಾಣ್ಮೆ ಯಾರದೋ ತಿಳಿಯದು; ಬೀದಿಯಲ್ಲಿ ಹುಟ್ಟಿದ ಶಬ್ದಗಳಿಗೆ ತಂದೆ ತಾಯಿಗಳನ್ನು ಹುಡುಕುವುದು ವ್ಯರ್ಥ. ಬಸ್ ನಿಲ್ದಾಣದ ಹತ್ತಿರ ಬೀಡಿ, ಬಾಳೆಹಣ್ಣು, ಸೋಪುಗಳ ನಡುವೆ ಕುಳಿತು ಕರೆನ್ಸಿ ಹಾಕುವ ಅಂಗಡಿಯವನು ಒಂದು ಕಾಲಕ್ಕೆ ನನ್ನ ತರಗತಿಯ ಕೊನೆಯ ಬೆಂಚಿನ ಹುಡುಗ. ಲೆಕ್ಕದಲ್ಲಿ ಹಿಂದೆ ಇದ್ದವನು. ಈಗ ಇಡೀ ಬೀದಿಯ ಫೋನುಗಳ ಲೆಕ್ಕ ಅವನ ಒಂದು ಗೆರೆಯ ಪುಸ್ತಕದಲ್ಲಿದೆ.

“ಮೇಷ್ಟ್ರೇ, ಎಂಬತ್ನಾಲ್ಕು ದಿನದ್ದು ಹಾಕ್ಲಾ, ವರ್ಷದ್ದು ಹಾಕ್ಲಾ?” ಎಂದು ಕೇಳಿದ.

ವರ್ಷದ ಬೆಲೆ ಕೇಳಿ ನನ್ನ ಕೈ ಜೇಬಿನಲ್ಲಿಯೇ ನಿಂತಿತು. ಎಂಬತ್ತನಾಲ್ಕು ಸಾಕೆಂದೆ.

“ನೀವು ಇರೋದು ಎಷ್ಟು ದಿನ?”

“ತೊಂಬತ್ತು.”

“ಮಿಕ್ಕ ಆರು ದಿನಕ್ಕೆ?”

“ಆರು ದಿನ ತಾನೆ!” ಎಂದುಬಿಟ್ಟೆ. ಲೆಕ್ಕದ ಮೇಷ್ಟರಾಗಿದ್ದವನು ಆಡುವ ಮಾತಲ್ಲ ಅದು.

ಈ ತೊಂಬತ್ತರ ಮತ್ತು ಎಂಬತ್ತನಾಲ್ಕರ ಕಥೆಯನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ಯುರೋಪಿನ ಷೆಂಗನ್ ದೇಶಗಳು ನೆಂಟನಾಗಿ ಬಂದವನಿಗೆ ಯಾವುದೇ ನೂರೆಂಬತ್ತು ದಿನಗಳಲ್ಲಿ ತೊಂಬತ್ತು ದಿನಗಳ ವಾಸಕ್ಕೆ ಮಾತ್ರ ಅಪ್ಪಣೆ ಕೊಡುತ್ತವೆ. ನಮ್ಮ ದೂರವಾಣಿ ಕಂಪನಿಗಳಿಗಾದರೋ ತಿಂಗಳೆಂದರೆ ಇಪ್ಪತ್ತೆಂಟು ದಿನ. ಚಾಂದ್ರಮಾನವೂ ಅಲ್ಲದ, ಸೌರಮಾನವೂ ಅಲ್ಲದ ಈ ಕಾಲಮಾನದಲ್ಲಿ ಮೂರು ತಿಂಗಳು ಕೂಡಿದರೆ ಎಂಬತ್ತನಾಲ್ಕಾಗುತ್ತದೆ. ವರ್ಷಕ್ಕೆ ಹದಿಮೂರು ತಿಂಗಳುಗಳಾಗುತ್ತವೆ. ಅಧಿಕಮಾಸ ನಮಗೆ ಸುಮಾರು ಮೂರು ವರ್ಷಕ್ಕೊಮ್ಮೆ. ಅವರಿಗೆ ಪ್ರತಿ ವರ್ಷವೂ. ಜನ ಗೊಣಗಿದ್ದರಿಂದ 2022ರ ಜನವರಿಯಲ್ಲಿ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಪ್ರತಿ ಕಂಪನಿಯೂ ಮೂವತ್ತು ದಿನಗಳ ಒಂದು ಯೋಜನೆಯನ್ನಾದರೂ, ಪ್ರತಿ ತಿಂಗಳೂ ಅದೇ ತಾರೀಖಿಗೆ ನವೀಕರಿಸಬಹುದಾದ ಒಂದನ್ನಾದರೂ ಇಟ್ಟಿರಬೇಕೆಂದು ಆಜ್ಞೆ ಮಾಡಿತು. ಇಟ್ಟರು. ಆದರೆ ಅಂಗಡಿಯ ಗೋಡೆಯ ಮೇಲಿನ ಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲಿದ್ದದ್ದು ಇಪ್ಪತ್ತೆಂಟು, ಐವತ್ತಾರು, ಎಂಬತ್ತನಾಲ್ಕು ಇವುಗಳೇ.

ಪರದೇಶದಲ್ಲಿ ಪರದೇಶದ ಸಿಮ್ಮನ್ನೇ ಕೊಂಡುಕೊಂಡರಾಯಿತು, ಊರಿನದನ್ನು ಮರೆತರಾಯಿತು ಎನ್ನುವವರಿದ್ದಾರೆ. ಅವರು ಪ್ರಾಯಶಃ ತರುಣರು. ಇಪ್ಪತ್ತು ವರ್ಷದಿಂದ ಒಂದೇ ಸಂಖ್ಯೆಯನ್ನು ಇಟ್ಟುಕೊಂಡ ನನ್ನಂಥವನಿಗೆ ಅದು ಬರಿಯ ಸಂಖ್ಯೆಯಲ್ಲ. ಬ್ಯಾಂಕಿನವರು ನನ್ನನ್ನು ಗುರುತಿಸುವುದು ಅದರಿಂದ. ಪಿಂಚಣಿ ಬಂದಿತೆಂಬ ಸುದ್ದಿ, ಗ್ಯಾಸ್ ಸಿಲಿಂಡರಿನ ಸರದಿ, ಆಧಾರದ ಗುಟ್ಟು ಎಲ್ಲವೂ ಅದಕ್ಕೇ. ಕಾರ್ಡಿನಿಂದ ಮನೆಯಲ್ಲಿ ಕುಳಿತು ಹಣ ಕಟ್ಟುವವನು ಕಾರ್ಡಿನ ಮೇಲಿರುವ ಅಂಕಿಗಳನ್ನಲ್ಲದೆ ಇನ್ನೊಂದು ಪ್ರಮಾಣವನ್ನೂ ಕೊಡಬೇಕೆಂದು ರಿಸರ್ವ್ ಬ್ಯಾಂಕು 2009ರ ಆಗಸ್ಟಿನಿಂದ ವಿಧಿಸಿದ ಮೇಲೆ, ಓ.ಟಿ.ಪಿ. ಎಂಬ ಆರಂಕಿಯ ಮಂತ್ರ ನಮ್ಮ ಬಾಳಿನಲ್ಲಿ ಗಾಯತ್ರಿಗಿಂತ ಹೆಚ್ಚು ಸಲ ಉಚ್ಚಾರವಾಗುತ್ತಿದೆ. ಆ ಮಂತ್ರ ಇಳಿಯುವುದು ಊರಿನ ಸಿಮ್ಮಿಗೆ.

ಇವೆಲ್ಲಕ್ಕಿಂತ ಮುಖ್ಯವಾಗಿ, ಅದು ನನ್ನ ಅಕ್ಕನಿಗೆ ಬಾಯಿಪಾಠವಾಗಿರುವ ಸಂಖ್ಯೆ. ಅಕ್ಕ, ಭಾವ ಇಬ್ಬರೂ ನಮ್ಮ ಮನೆಯಿಂದ ನಾಲ್ಕು ಹೆಜ್ಜೆಯ ದೂರದಲ್ಲಿದ್ದಾರೆ, ಮಕ್ಕಳಿಲ್ಲ. ಅಕ್ಕನ ಕೈಯಲ್ಲಿರುವುದು ಗುಂಡಿಗಳ ಸಣ್ಣ ಫೋನು. ಅದರಲ್ಲಿ ಚಿತ್ರ ಬಾರದು, ವಾಟ್ಸಾಪ್ ಇಲ್ಲ. ಅದರಿಂದ ಹೊರದೇಶಕ್ಕೆ ಕರೆ ಹೋಗದು. ಹೊರಡುವ ಮೊದಲು ನಾವು ಒಂದು ಏರ್ಪಾಡು ಮಾಡಿಕೊಂಡೆವು. ಪ್ರತಿ ಭಾನುವಾರ ನಾನು ಜರ್ಮನಿಯ ಸಿಮ್ಮಿನಿಂದ ಅಕ್ಕನಿಗೆ ಕರೆ ಮಾಡುವುದು. ನಡುವೆ ಏನಾದರೂ ಅವಸರವಾದರೆ ಅಕ್ಕ ಅಂಗಡಿಗೆ ಹೋಗಿ ಆ ಹುಡುಗನಿಂದ ನನ್ನ ಊರಿನ ಸಂಖ್ಯೆಗೆ ಎರಡು ಸಾಲಿನ ಎಸ್ಸೆಮ್ಮೆಸ್ ಹಾಕಿಸುವುದು. ಕಂಡ ಕೂಡಲೆ ನಾನು ಕರೆಯುವುದು. ಹೊರದೇಶದಲ್ಲಿ ಕರೆ ಬಂದರೂ ಕಾಸು, ಮಾಡಿದರೂ ಕಾಸು. ಬರುವ ಎಸ್ಸೆಮ್ಮೆಸ್ಸಿಗೆ ಮಾತ್ರ ನನ್ನ ಕಂಪನಿ ಕಾಸು ಕೇಳುತ್ತಿರಲಿಲ್ಲ. ಜಿಪುಣನ ಏರ್ಪಾಡೇ ಹೌದು. ಆದರೆ ಎಂಬತ್ತನಾಲ್ಕು ದಿನ ಗಡಿಯಾರದಂತೆ ನಡೆಯಿತು.

ಬರುವ ಕರೆಗೆ ಏಕೆ ಕಾಸು ಎಂದು ಅಕ್ಕ ಕೇಳಿದ್ದಳು. ನ್ಯಾಯವಾದ ಪ್ರಶ್ನೆ. ನಮ್ಮಲ್ಲಿಯೂ ಮೊದಲು ಬರುವ ಕರೆಗೆ ತೆರಬೇಕಾಗಿತ್ತು. 1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಮಂತ್ರಿ ಸುಖರಾಮರೊಡನೆ ದೇಶದ ಮೊದಲ ಮೊಬೈಲ್ ಸಂಭಾಷಣೆ ನಡೆಸಿದ ಮೇಲೆ ಎಷ್ಟೋ ವರ್ಷ, ಗಂಟೆ ಬಾರಿಸಿದರೆ ಎದೆ ನಡುಗುತ್ತಿತ್ತು. ಕರೆದವನೇ ಕೊಡಬೇಕೆಂಬ ಪದ್ಧತಿ ಬಂದದ್ದು 2003ರಲ್ಲಿ. ಆಮೇಲೂ ಅತ್ತಿಬೆಲೆ ದಾಟಿ ಹೊಸೂರಿಗೆ ಹೋದರೆ ‘ರೋಮಿಂಗ್’ ಎಂಬ ಭೂತ ಫೋನಿನಲ್ಲಿ ಸೇರಿಕೊಳ್ಳುತ್ತಿತ್ತು. ರೇಷ್ಮೆ ಸೀರೆ ಕೊಳ್ಳಲು ಕಂಚಿಗೆ ಹೊರಟ ಮದುವೆಯ ಗುಂಪು ಗಡಿಗೆ ಮುಂಚೆ ಬಸ್ಸು ನಿಲ್ಲಿಸಿ ಎಲ್ಲ ಮಾತನ್ನೂ ಆಡಿ ಮುಗಿಸುತ್ತಿತ್ತು. ಕಾರಣ ಇಷ್ಟೆ. ಅಕ್ಕ ಕರೆದಾಗ ನಾನು ಹೆಸರಘಟ್ಟದಲ್ಲಿಯೇ ಇದ್ದೇನೆಂಬ ಲೆಕ್ಕದಲ್ಲಿ ಆಕೆ ತೆರುತ್ತಾಳೆ. ಊರಿನಿಂದ ಸ್ಟುಟ್‌ಗಾರ್ಟಿನ ವರೆಗಿನ ಹೆಚ್ಚಿನ ದಾರಿಯ ಖರ್ಚು ಊರು ಬಿಟ್ಟು ಹೋದವನ ತಲೆಗೆ.

ನಮ್ಮೂರಿನವರಿಗೆ ಈ ದಾರಿಯ ಖರ್ಚಿನ ಮಾತು ತಿಳಿಯದ್ದೇನಲ್ಲ. 1894ರಲ್ಲಿ, ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, ಅರ್ಕಾವತಿಗೆ ಅಡ್ಡಲಾಗಿ ನಮ್ಮ ಕೆರೆಯನ್ನು ಕಟ್ಟಿ, ನೀರನ್ನು ಸೋಲದೇವನಹಳ್ಳಿಯ ವರೆಗೆ ಹರಿಸಿ, ಅಲ್ಲಿ ಯಂತ್ರದಿಂದ ಮೇಲೆತ್ತಿ ಬೆಂಗಳೂರಿಗೆ ಕೊಟ್ಟರು. ಪಟ್ಟಣದ ನಲ್ಲಿಯಲ್ಲಿ ಬಿದ್ದ ನೀರಿಗೆ ಬೆಲೆ ಬಂದದ್ದು ನೀರಿನಿಂದಲ್ಲ, ದಾರಿಯಿಂದ. ಅಕ್ಕನಿಗೆ ಹೀಗೆ ವಿವರಿಸಿದೆ. “ನೀರಾದರೂ ಕಣ್ಣಿಗೆ ಕಾಣ್ತಿತ್ತು ಕಣೋ,” ಎಂದಳು.

ಮುಂಗಡ ಕೊಟ್ಟ ಸಿಮ್ಮಿಗೂ ತಿಂಗಳ ಬಿಲ್ಲಿನ ಸಿಮ್ಮಿಗೂ ಪರದೇಶದಲ್ಲಿ ನಡೆಯುವ ಮರ್ಯಾದೆ ಒಂದೇ ಅಲ್ಲ. ಪ್ರತಿ ಸಿಮ್ಮಿನ ಒಡಲಿನಲ್ಲಿಯೂ ಒಂದು ಉದ್ದನೆಯ ಗುಪ್ತ ಸಂಖ್ಯೆಯಿದೆ. ನಮ್ಮವುಗಳಲ್ಲಿ ಅದು ಸಾಮಾನ್ಯವಾಗಿ 404 ಅಥವಾ 405 ಎಂದು ಮೊದಲಾಗುತ್ತದೆ, ಜರ್ಮನಿಯವುಗಳಲ್ಲಿ 262 ಎಂದು. ಹೊಸ ಊರಿನಲ್ಲಿ ಫೋನು ಎಚ್ಚರಗೊಂಡ ಕೂಡಲೆ ಹಿರಿಯರ ಮುಂದೆ ವಟು ಪ್ರವರ ಹೇಳಿಕೊಳ್ಳುವಂತೆ ಅಲ್ಲಿಯ ಗೋಪುರದೆದುರು ತನ್ನ ಗೋತ್ರವನ್ನು ಹೇಳಿಕೊಳ್ಳುತ್ತದೆ. ಗೋಪುರದವರು ಊರಿನ ಕಂಪನಿಯನ್ನು ವಿಚಾರಿಸುತ್ತಾರೆ: ಇಂಥವನು ನಿಮ್ಮವನೆ? ಬಿಲ್ಲಿನವನಾದರೆ ‘ಹೌದು, ಮಾತನಾಡಲಿ’ ಎಂದರೆ ಸಾಕು. ಲೆಕ್ಕದ ಕಾಗದಗಳು ಆಮೇಲೆ ಸಾವಕಾಶವಾಗಿ ಹೋಗುತ್ತವೆ. ಮುಂಗಡದವನ ಗಂಟು ಎಷ್ಟಿದೆಯೆಂಬುದನ್ನು ಮಾತ್ರ ಆ ಕ್ಷಣಕ್ಕೇ ಕೇಳಬೇಕು, ಮಾತು ನಡೆದಿರುವಾಗಲೂ ಕೇಳುತ್ತಿರಬೇಕು, ಗಂಟು ಬರಿದಾದ ಕ್ಷಣ ಬಾಯಿ ಮುಚ್ಚಿಸಬೇಕು. ಈ ವಿಚಾರಣೆಗೆ ಇಂಜಿನಿಯರುಗಳು ಮಾಡಿಕೊಂಡ ಏರ್ಪಾಡಿನ ಹೆಸರು ‘ಕ್ಯಾಮೆಲ್’. ಏನೋ ಉದ್ದನೆಯ ಹೆಸರಿನ ಮೊದಲಕ್ಷರಗಳು ಕೂಡಿ ಹಾಗಾಯಿತಂತೆ. ಆದರೂ ಪರದೇಶದ ಮರಳುಗಾಡಿಗೆ ತನ್ನ ಆಹಾರವನ್ನು ಬೆನ್ನಿನ ಮೇಲೆಯೇ ಹೊತ್ತು ಹೊರಟ ಬಡಪ್ರಯಾಣಿಕನಿಗೆ ಒಂಟೆಗಿಂತ ಒಳ್ಳೆಯ ಹೆಸರು ಸಿಕ್ಕದು. ಇಂಥ ಏರ್ಪಾಡು ಇಲ್ಲದಿದ್ದ ಜಾಲಗಳಲ್ಲಿ ಮುಂಗಡದವನು ನಕ್ಷತ್ರದ ಗುರುತಿನಿಂದ ಮೊದಲಾಗುವ ಸಂಜ್ಞೆಯೊಂದನ್ನು ಒತ್ತಿ ಫೋನಿಟ್ಟು, ಕಂಪನಿಯೇ ತಿರುಗಿ ಕರೆಯುವವರೆಗೆ ಕಾಯಬೇಕಾಗಿತ್ತು.

ಮುಂಗಡ ಕೊಟ್ಟವನನ್ನು ಲೋಕ ಏಕೆ ಹೆಚ್ಚು ಸಂಶಯಿಸಬೇಕೋ ನನಗೆ ಇನ್ನೂ ಬಗೆಹರಿದಿಲ್ಲ. ಸಾಲ ಹೇಳುವವನಿಗೆ ಮಣೆ, ಕೈಯಲ್ಲಿ ಕಾಸು ಹಿಡಿದವನಿಗೆ ತನಿಖೆ! ಕೆಲವು ವರ್ಷಗಳ ಹಿಂದೆ ಕಾಶ್ಮೀರಕ್ಕೆ ಹೋಗಿದ್ದಾಗ ನಮ್ಮ ಗುಂಪಿನ ಪ್ರಿಪೇಯ್ಡ್ ಸಿಮ್ಮುಗಳೆಲ್ಲ ಮೂಕವಾದವು. ಬಿಲ್ಲಿನ ಸಿಮ್ಮಿನವರೊಬ್ಬರ ಸುತ್ತ ಎಲ್ಲರೂ ನೆರೆದೆವು. ಜರ್ಮನಿಯಲ್ಲಿಯೂ 2017ರ ಜುಲೈಯಿಂದ ಗುರುತಿನ ಚೀಟಿ ತೋರದೆ ಪ್ರಿಪೇಯ್ಡ್ ಸಿಮ್ಮನ್ನು ಚಾಲನೆಗೊಳಿಸುವಂತಿಲ್ಲ. ಅಲ್ಲಿಯ ಅಂಗಡಿಯಲ್ಲಿ ಪಾಸ್‌ಪೋರ್ಟನ್ನು ಮುಂದಿಟ್ಟು, ಮಗಳ ಮನೆಯ ವಿಳಾಸ ಬರೆಸಿ, ಪರೀಕ್ಷೆಯ ಕೊಠಡಿಯಲ್ಲಿ ನಿಂತ ಹುಡುಗನಂತೆ ನಿಂತೆ. ಆಗ ನೆನಪಾದದ್ದು ನಮ್ಮೂರಿನ ಅಂಗಡಿ. ಹೆಸರಘಟ್ಟದ ನೃತ್ಯಗ್ರಾಮವನ್ನು ಅರಸಿಕೊಂಡು 1990ರಿಂದ ಹೊರದೇಶದವರು ಬರುತ್ತಲೇ ಇದ್ದಾರೆ. ಹಾಗೆ ಬಂದ ತರುಣಿಯೊಬ್ಬಳು ಒಮ್ಮೆ ಸಿಮ್ಮಿಗಾಗಿ ಅಂಗಡಿಯ ಮುಂದೆ ಬಿಸಿಲಿನಲ್ಲಿ ನಿಂತಿದ್ದಳು. ಪಾಸ್‌ಪೋರ್ಟು, ವೀಸಾ, ಭಾವಚಿತ್ರ ಎಲ್ಲ ಇತ್ತು. ‘ಇವಳನ್ನು ಬಲ್ಲೆ’ ಎನ್ನುವ ಊರಿನವರ ಹೆಸರೊಂದು ಇರಲಿಲ್ಲ. ಅಂಗಡಿಯ ಹುಡುಗ ನನ್ನ ಕಡೆ ನೋಡಿದ. ಐದು ನಿಮಿಷದ ಹಿಂದೆ ಮೊದಲು ಕಂಡವಳನ್ನು ಬಲ್ಲೆನೆಂದು ರುಜು ಹಾಕಿಕೊಟ್ಟೆ. ಕಾನೂನಿನ ದೃಷ್ಟಿಯಿಂದ ಅದು ಸರಿಯಲ್ಲ. ಈಗ ಒಪ್ಪಿಕೊಂಡರೆ ಹೆಚ್ಚಿನ ಅಪಾಯವಿರಲಾರದು.

ಮುಂಗಡದ ಸಿಮ್ಮಿಗೆ ಒಂದು ಗುಣವೂ ಉಂಟು: ಅದರ ನಷ್ಟಕ್ಕೆ ತಳವಿದೆ. ಮೇ ತಿಂಗಳಲ್ಲಿ ಮಗಳು ಅಳಿಯ ನನ್ನನ್ನು ರೈನ್ ನದಿಯ ಜಲಪಾತಕ್ಕೆ ಕರೆದುಕೊಂಡು ಹೋದರು. ಅದು ಇರುವುದು ಷಾಫ್‌ಹೌಸನ್ನಿನ ಹತ್ತಿರ, ಸ್ವಿಟ್ಜರ್ಲೆಂಡಿನಲ್ಲಿ. ಯುರೋಪಿಯನ್ ಒಕ್ಕೂಟದ ದೇಶಗಳೊಳಗೆ 2017ರ ಜೂನ್ 15ರಿಂದ ಫೋನಿಗೆ ಗಡಿಯೇ ಇಲ್ಲ, ಮನೆಯ ದರವೇ ಎಲ್ಲೆಡೆಯೂ. ಆದರೆ ಸ್ವಿಟ್ಜರ್ಲೆಂಡು ಆ ಒಕ್ಕೂಟದಲ್ಲಿಲ್ಲ. ರೈಲು ಎಲ್ಲಿ ಗಡಿ ದಾಟಿತೋ ನನಗೆ ಕಾಣಲಿಲ್ಲ. ನನ್ನ ಜರ್ಮನಿಯ ಸಿಮ್ಮಿಗೆ ಕಂಡಿತ್ತು. ಜಲಪಾತದ ದಾರಿಯನ್ನು ನಕಾಶೆಯಲ್ಲಿ ನೋಡುತ್ತಿದ್ದಂತೆ ಅದರಲ್ಲಿದ್ದ ಹತ್ತು ಯೂರೋಗಳು ನೀರಿಗಿಂತ ಮೊದಲೇ ಧುಮುಕಿದವು. ಬಿಲ್ಲಿನ ಸಿಮ್ಮಾಗಿದ್ದರೆ ಎಷ್ಟು ಹೋಗುತ್ತಿತ್ತೋ! ಅಳಿಯ ಪಾಪ, ನಗದಿರಲು ಬಹಳ ಪ್ರಯತ್ನಪಟ್ಟ.

ಜೂನಿನಲ್ಲಿ ಸ್ಟುಟ್‌ಗಾರ್ಟಿಗೆ ಯುರೋಪಿನ ಕಾಲ್ಚೆಂಡಿನ ಜಾತ್ರೆ ಬಂತು. 23ರಂದು ಸ್ಕಾಟ್ಲೆಂಡಿಗೂ ಹಂಗೆರಿಗೂ ಪಂದ್ಯ. ಟ್ರಾಮಿನಲ್ಲಿ ನನ್ನ ಒಂದು ಪಕ್ಕಕ್ಕೆ ಗೀರುಪಟ್ಟಿಯ ಲಂಗ ತೊಟ್ಟ ಸ್ಕಾಟರು, ಇನ್ನೊಂದು ಪಕ್ಕಕ್ಕೆ ಕೆಂಪಂಗಿಯ ಹಂಗೆರಿಯವರು; ಎಲ್ಲರ ಕೈಯಲ್ಲಿಯೂ ಫೋನು. ಹಂಗೆರಿಯವನು ತನ್ನ ಜಗಲಿಯಲ್ಲಿ ಕುಳಿತಂತೆ ನಿಶ್ಚಿಂತೆಯಿಂದ ಹರಟುತ್ತಿದ್ದ. ಬ್ರಿಟನ್ನು ಒಕ್ಕೂಟವನ್ನು ಬಿಟ್ಟ ಮೇಲೆ ಸ್ಕಾಟನ ಮಾತಿನ ಬೆಲೆ ಅವನ ಕಂಪನಿಯ ಮರ್ಜಿಗೆ ಸೇರಿದ್ದು. ನನ್ನ ಪಕ್ಕದ ಮುದುಕ ಫೋನನ್ನು ಜೇಬಿನಿಂದ ತೆಗೆಯುವುದು, ನೋಡುವುದು, ಮತ್ತೆ ಇಡುವುದು ಮಾಡುತ್ತಿದ್ದ. ನಾವಿಬ್ಬರೂ ಒಬ್ಬರನ್ನೊಬ್ಬರು ಅರ್ಥಮಾಡಿಕೊಂಡೆವು.

ಹೀಗೆ ದಿನಗಳು ಕಳೆದವು. ಊರಿನ ಸಿಮ್ಮು ಒಂದು ಹಳೆಯ ಫೋನಿನಲ್ಲಿ, ಮಗಳ ಅಡುಗೆಮನೆಯ ಕಿಟಕಿಯಲ್ಲಿ, ತುಳಸಿಯ ಕುಂಡದ ಪಕ್ಕದಲ್ಲಿತ್ತು. ಬೆಳಿಗ್ಗೆ ಕಾಫಿಗೆ ನೀರಿಡುವ ಮುಂಚೆ ಅದರ ಮುಖ ನೋಡುವುದು ರೂಢಿಯಾಗಿತ್ತು. ಒಮ್ಮೆ ‘ಅಕ್ಕೋರು ಫೋನ್ ಮಾಡೋಕ್ ಹೇಳಿದ್ರು’ ಎಂದು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಒಂದು ಸಾಲು ಬಂತು. ಗಾಬರಿಯಿಂದ ಕರೆದರೆ, ಬಿಸಿಬೇಳೆ ಪುಡಿಯ ಡಬ್ಬವನ್ನು ನಾನು ಎಲ್ಲಿಟ್ಟು ಹೋದೆನೆಂಬುದು ಪ್ರಶ್ನೆ.

ಜೂನ್ 29, ಶನಿವಾರ. ವೆಸ್ಟ್ ಇಂಡೀಸಿನ ಬಾರ್ಬಡೋಸಿನಲ್ಲಿ ಭಾರತ ಏಳು ಓಟಗಳಿಂದ ದಕ್ಷಿಣ ಆಫ್ರಿಕವನ್ನು ಸೋಲಿಸಿ ವಿಶ್ವಕಪ್ ಗೆದ್ದಿತು. ಮನೆಯಲ್ಲಿ ಅಳಿಯನ ಸ್ನೇಹಿತರ ಕೂಗು ಇನ್ನೂ ಅಡಗಿರಲಿಲ್ಲ. ಅಲ್ಲಿಯ ಗಡಿಯಾರದಲ್ಲಿ ಎಂಟೂವರೆ. ಬೇಸಗೆಯ ಬಿಸಿಲು ಗೋಡೆಯ ಮೇಲೆ ಇನ್ನೂ ಇತ್ತು. ಊರಿನಲ್ಲಿ ಆಗ ನಡುರಾತ್ರಿ. ಅಂದಿಗೆ ಎಂಬತ್ತನಾಲ್ಕು ದಿನ ತುಂಬಿತ್ತು. ಮರುದಿನ ಬೆಳಿಗ್ಗೆ ಕಿಟಕಿಯ ಫೋನು ‘ಸೇವೆ ಇಲ್ಲ’ ಎಂದು ತೋರಿಸಿತು.

ಆ ಭಾನುವಾರ ಮಗಳ ಕಂಪ್ಯೂಟರಿನ ಮುಂದೆ ಕುಳಿತು ನಾನೇ ಕರೆನ್ಸಿ ಹಾಕಿಕೊಳ್ಳಲು ಹೊರಟೆ. ಕಂಪನಿಯ ಪುಟ ನನ್ನ ಕಾರ್ಡನ್ನು ಕೇಳಿತು, ಕೊಟ್ಟೆ. ಕಾರ್ಡಿನ ಬ್ಯಾಂಕು ಓ.ಟಿ.ಪಿ. ಕೇಳಿತು. ಅದು ಬರಬೇಕಾದದ್ದು ಕಿಟಕಿಯಲ್ಲಿ ಸತ್ತು ಮಲಗಿದ್ದ ಅದೇ ಸಂಖ್ಯೆಗೆ! ಸಂಖ್ಯೆಗೆ ಜೀವ ಬರಬೇಕಾದರೆ ಮಂತ್ರ ಬೇಕು. ಮಂತ್ರ ಬರಬೇಕಾದರೆ ಸಂಖ್ಯೆಗೆ ಜೀವವಿರಬೇಕು. ಮಗಳ ಜರ್ಮನಿಯ ಕಾರ್ಡನ್ನು ಆ ಪುಟ ಒಪ್ಪಲಿಲ್ಲ. ಅಳಿಯನ ಭಾರತದ ಕಾರ್ಡು ಅವಧಿ ಮುಗಿದು ವರ್ಷವಾಗಿತ್ತು. ಊರಿಗೆ ಕರೆ ಮಾಡಿ ಅಂಗಡಿಯವನಿಗೆ ಹೇಳಿಸಬಹುದಾಗಿತ್ತು. ಅಷ್ಟು ಹೊತ್ತಿಗೆ ನನ್ನ ಜಿಪುಣತನ ಕಿವಿಯಲ್ಲಿ ಹೇಳಿತು: ಶುಕ್ರವಾರ ಹೊರಡುವವನು, ಐದಾರು ದಿನಕ್ಕಾಗಿ ಎಂಬತ್ತನಾಲ್ಕು ದಿನದ ದುಡ್ಡೆ? ಅಂದು ಅಕ್ಕನೊಡನೆ ಎಂದಿನಂತೆ ಮಾತನಾಡಿದೆ. ಭಾವ ಹಿಂದಿನಿಂದ, ಕೆರೆಯ ಏರಿಯ ಮೇಲೆ ಗಾಳಿ ಜೋರಾಗಿದೆ ಎಂದು ಕೂಗಿ ಹೇಳಿದರು. ಸಿಮ್ಮು ಸತ್ತಿದೆಯೆಂಬ ಮಾತನ್ನು ನಾನು ಎತ್ತಲಿಲ್ಲ.

ಇನ್ನೊಂದು ಭಯವೂ ನನಗೆ ಇರಲಿಲ್ಲ. ಏಕೆಂದರೆ ನಿಯಮ ನನಗೆ ಗೊತ್ತಿತ್ತು. ಖಾತೆಯಲ್ಲಿ ಇಪ್ಪತ್ತು ರೂಪಾಯಿ ಇದ್ದರೆ, ತೊಂಬತ್ತು ದಿನ ಬಳಸದಿದ್ದರೂ ಪ್ರಿಪೇಯ್ಡ್ ಸಂಖ್ಯೆಯನ್ನು ಕಂಪನಿ ಕಿತ್ತುಕೊಳ್ಳಬಾರದೆಂದು ಪ್ರಾಧಿಕಾರ 2013ರಲ್ಲಿಯೇ ವಿಧಿಸಿದೆ. ಕಿತ್ತುಕೊಂಡ ಸಂಖ್ಯೆಯನ್ನೂ ಮತ್ತೆ ತೊಂಬತ್ತು ದಿನವಾದರೂ ಇನ್ನೊಬ್ಬರಿಗೆ ಕೊಡುವುದಿಲ್ಲವೆಂದು 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಮಾತು ಬಂದಿತ್ತು. ಸಂಖ್ಯೆ ನನ್ನದಾಗಿಯೇ ಇತ್ತು, ಸರಿ. ಮನೆಯ ಹಕ್ಕುಪತ್ರ ನನ್ನ ಪೆಟ್ಟಿಗೆಯಲ್ಲಿದ್ದ ಮಾತ್ರಕ್ಕೆ ಬಾಗಿಲು ಬಡಿದವರಿಗೆ ನಾನು ಓಗೊಟ್ಟಂತಾಯಿತೆ?

ಸೋಮವಾರ, ಜುಲೈ 1. ಬೆಳಿಗ್ಗೆ ಆರರ ಸುಮಾರಿಗೆ ಭಾವ ಬಚ್ಚಲಿನಲ್ಲಿ ಜಾರಿ ಬಿದ್ದರು. ಏಳಲಾಗಲಿಲ್ಲ. ನೆರೆಯವರು ಎತ್ತಿ ಯಲಹಂಕದ ಕಡೆಯ ಒಂದು ಆಸ್ಪತ್ರೆಗೆ ಸೇರಿಸಿದರು. ಸೊಂಟದ ಮೂಳೆ ಮುರಿದಿದೆ, ಶಸ್ತ್ರಚಿಕಿತ್ಸೆಯಾಗಬೇಕು, ಮೊದಲು ಮುಂಗಡ ಕಟ್ಟಿ ಎಂದರು. ಅಲ್ಲಿಯೂ ಪ್ರಿಪೇಯ್ಡ್. ಅಕ್ಕನ ಉಳಿತಾಯ ಇದ್ದದ್ದು ನನ್ನ ಹೆಸರೂ ಸೇರಿದ ಖಾತೆಯಲ್ಲಿ. ಅದನ್ನು ನೋಡಿಕೊಳ್ಳುತ್ತಿದ್ದವನು ನಾನು. ಒಂಬತ್ತಕ್ಕೆ ಅಂಗಡಿ ತೆರೆಯುವ ಹೊತ್ತಿಗೆ ಅಕ್ಕ ಆಟೋದಲ್ಲಿ ಬಂದು ಅದರ ಮುಂದೆ ನಿಂತಿದ್ದಳು. ಹುಡುಗ ಎಸ್ಸೆಮ್ಮೆಸ್ ಹಾಕಿದ. ಉತ್ತರವಿಲ್ಲ. ಇನ್ನೊಂದು ಹಾಕಿದ. ಅಕ್ಕ ತನ್ನ ಫೋನಿನಿಂದ ನನ್ನ ಸಂಖ್ಯೆಯನ್ನು ಒತ್ತಿ ಒತ್ತಿ ಕರೆದಳು. ಪ್ರತಿ ಸಲವೂ ಒಬ್ಬ ಹೆಂಗಸು, ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಬೇಸರವಿಲ್ಲದೆ ಹೇಳಿದಳು.

ಅಂದು ಅಂಗಡಿಯಲ್ಲಿ ನೂಕುನುಗ್ಗಲು. ಬುಧವಾರದಿಂದ ದೊಡ್ಡ ಖಾಸಗಿ ಕಂಪನಿಗಳ ದರ ಏರುತ್ತದೆಂಬ ಸುದ್ದಿ ಹರಡಿ, ಹಳೆಯ ದರಕ್ಕೇ ಕರೆನ್ಸಿ ಹಾಕಿಸಿಕೊಳ್ಳಲು ಊರೆಲ್ಲ ನೆರೆದಿತ್ತು. ಆ ಗದ್ದಲದ ನಡುವೆ, ಹನ್ನೊಂದೂವರೆಯ ಹೊತ್ತಿಗೆ, ಹುಡುಗನಿಗೆ ಏನೋ ಹೊಳೆದು ತನ್ನ ಪುಸ್ತಕವನ್ನು ತಿರುವಿದ. ಏಪ್ರಿಲ್ 7ರ ಸಾಲಿನಲ್ಲಿ ನನ್ನ ಹೆಸರು, ಮುಂದೆ 84 ಎಂಬ ಅಂಕೆ. ಬೆರಳು ಮಡಿಸಿ ಎಣಿಸಿದ: ಏಪ್ರಿಲಿನಲ್ಲಿ ಇಪ್ಪತ್ತನಾಲ್ಕು, ಮೇ ಮೂವತ್ತೊಂದು, ಜೂನಿನಲ್ಲಿ ಇಪ್ಪತ್ತೊಂಬತ್ತು. “ಅಮ್ಮಾ, ಮೇಷ್ಟ್ರು ಕರೆನ್ಸಿ ಶನಿವಾರಕ್ಕೇ ಮುಗ್ದೋಗಿದೆ,” ಎಂದ. ಯಾರನ್ನೂ ಕೇಳದೆ, ತನ್ನ ದುಡ್ಡಿನಿಂದ, ಮತ್ತೆ ಎಂಬತ್ತನಾಲ್ಕು ದಿನದ್ದನ್ನು ಹಾಕಿದ.

ಸ್ಟುಟ್‌ಗಾರ್ಟಿನಲ್ಲಿ ಆಗ ಬೆಳಗಿನ ಎಂಟು ಗಂಟೆ. ನಾನು ಕಾಫಿಯ ಲೋಟ ಹಿಡಿದು ಕುಳಿತಿದ್ದೆ. ಸ್ವಲ್ಪ ಹೊತ್ತಿಗೆ ತುಳಸಿಯ ಪಕ್ಕದ ಫೋನು ಇದ್ದಕ್ಕಿದ್ದಂತೆ ಬೆಳಗಿತು. ಕರೆಗೂ ಎಸ್ಸೆಮ್ಮೆಸ್ಸಿಗೂ ಇರುವ ಭೇದ ಅಂದು ನನಗೆ ತಿಳಿಯಿತು. ಕರೆ ಆ ಕ್ಷಣಕ್ಕೆ ಮುಟ್ಟದಿದ್ದರೆ ಗಾಳಿಗೆ ಹೋಯಿತು. ಎಸ್ಸೆಮ್ಮೆಸ್ಸು ಹಾಗಲ್ಲ, ವಿಳಾಸದಾರ ಸಿಕ್ಕದಿದ್ದರೆ ಕಂಪನಿಯ ಕಟ್ಟೆಯಲ್ಲಿ ಕಾದಿದ್ದು, ಅವನ ಬಾಗಿಲು ತೆರೆದಾಗ ಒಳಗೆ ಬರುತ್ತದೆ. ಮೊದಲು ಕರೆನ್ಸಿ ಬಂದ ಸುದ್ದಿ. ಅದರ ಹಿಂದೆಯೇ ಮೂರು ಸಾಲುಗಳು. ಭಾವ ಬಿದ್ದಿದ್ದಾರೆ. ಬೇಗ ಫೋನ್ ಮಾಡಿ. ಮೇಷ್ಟ್ರೇ ಎಲ್ಲಿದೀರ.

ಕರೆದೆ. ಅಕ್ಕ ಎತ್ತಿದಳು. “ಏನೋ, ನೀನು ವ್ಯಾಪ್ತಿಯ ಹೊರಗೆ ಹೋಗಿದೀಯಂತಲ್ಲೋ,” ಎಂದಳು. ಅದನ್ನು ತಮಾಷೆಗೆ ಹೇಳಿದಳೋ, ಹೆದರಿ ಹೇಳಿದಳೋ, ಇಂದಿಗೂ ಕೇಳುವ ಧೈರ್ಯ ನನಗಾಗಿಲ್ಲ.

ಹಣ ಕಳಿಸಲು ಕುಳಿತೆ. ಬ್ಯಾಂಕಿನ ಪುಟ ಆರಂಕಿಗಾಗಿ ಬಾಯ್ದೆರೆದು, ಪಕ್ಕದಲ್ಲಿ ಸೆಕೆಂಡುಗಳನ್ನು ಹಿಂದುಹಿಂದಕ್ಕೆ ಎಣಿಸತೊಡಗಿತು. ಕಿಟಕಿಯ ಹತ್ತಿರ ಫೋನನ್ನು ಎತ್ತಿ ಹಿಡಿದು ನಿಂತೆ. ಮಗಳು ನನ್ನ ಮೊಣಕೈ ಹಿಡಿದಿದ್ದಳು. ಮೊದಲನೆಯದು ಹೊತ್ತು ಮೀರಿ ಬಂತು. ಎರಡನೆಯದು ಸಮಯಕ್ಕೆ ಬಂತು. ಅಕ್ಕನಿಗೆ ಎ.ಟಿ.ಎಂ. ಕಾರ್ಡಿಲ್ಲ; ಆಸ್ಪತ್ರೆಯ ಕಿಟಕಿಯಲ್ಲಿ ಹಣ ಕಟ್ಟುವವರು ಬೇರೆ ಯಾರಾದರೂ ಆಗಬೇಕು. ಅಂಗಡಿಯ ಹುಡುಗನ ಖಾತೆಗೇ ಕಳಿಸಿದೆ. ಹೊಸಬರ ಹೆಸರಿಗೆ ಮೊದಲ ದಿನ ಇಂತಿಷ್ಟಕ್ಕಿಂತ ಹೆಚ್ಚು ಕಳಿಸಲು ನನ್ನ ಬ್ಯಾಂಕು ಬಿಡದು. ಬೇಕಾದದ್ದರ ಅರ್ಧಕ್ಕೆ ಸ್ವಲ್ಪ ಹೆಚ್ಚು ಹೋಯಿತು. ಅವನು ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಅಷ್ಟು ಜನ ಗಿರಾಕಿಗಳನ್ನು ಬಿಟ್ಟು, ಅಕ್ಕನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಯಲಹಂಕಕ್ಕೆ ಹೋದ. ಉಳಿದದ್ದನ್ನು ತಾನೇ ಸೇರಿಸಿ ಕಟ್ಟಿದ. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಬುಧವಾರ ಶಸ್ತ್ರಚಿಕಿತ್ಸೆಯಾಯಿತು. ಶುಕ್ರವಾರ ನಾನು ಹೊರಟಾಗ ಸ್ಟುಟ್‌ಗಾರ್ಟಿನ ಬೀದಿಗಳು ತುಂಬಿದ್ದವು; ಸಂಜೆ ಜರ್ಮನಿಗೂ ಸ್ಪೇನಿಗೂ ಅಲ್ಲಿಯೇ ಪಂದ್ಯ. ಆ ಸಂತೆಯಲ್ಲಿ ಎರಡೂ ಫೋನುಗಳನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ರೈಲು ಹತ್ತಿದೆ. ಹಿಂದಿನ ಐದು ದಿನಗಳಲ್ಲಿ ಕಿಟಕಿಯ ಮೇಲೆ ಅದನ್ನು ಬಿಟ್ಟು ಮಲಗಿದ್ದಿಲ್ಲ.

ಆರನೆಯ ತಾರೀಖು ಮಧ್ಯಾಹ್ನ ಆಸ್ಪತ್ರೆಯಿಂದ ನೇರವಾಗಿ ಅಂಗಡಿಗೆ ಹೋದೆ. ಬೀಡಿ, ಬಾಳೆಹಣ್ಣು, ಸೋಪುಗಳ ನಡುವೆ ಅವನು ಎಂದಿನಂತೆ ಕುಳಿತಿದ್ದ. ಒಂದು ಗೆರೆಯ ಪುಸ್ತಕವನ್ನು ಮುಂದಿಟ್ಟ. ಜುಲೈ 1ರ ಕೆಳಗೆ ಮೇಷ್ಟ್ರು ಎಂದು ಬರೆದು ಎರಡು ಸಾಲು: ಒಂದು ಕರೆನ್ಸಿಯದು, ಒಂದು ಆಸ್ಪತ್ರೆಯದು. ಕರೆನ್ಸಿಯನ್ನು ಹಳೆಯ ದರದಲ್ಲಿಯೇ ಬರೆದಿದ್ದ. ಎರಡನ್ನೂ ಎಣಿಸಿ ಕೊಟ್ಟೆ. ಬಡ್ಡಿಯೆಂಬಂತೆ ಒಂದಷ್ಟು ಮುಂದಕ್ಕೆ ಸರಿಸಿದಾಗ ಅವನು ಅದನ್ನು ನೋಡದವನಂತೆ ಗಿರಾಕಿಯೊಬ್ಬನಿಗೆ ಬೆಂಕಿಪೊಟ್ಟಣ ಕೊಟ್ಟ. ತಿರುಗಿ ಜೇಬಿಗೆ ಹಾಕಿಕೊಂಡು, ಮಗಳು ಕೊಟ್ಟಿದ್ದ ಚಾಕೊಲೆಟಿನ ಪೊಟ್ಟಣವನ್ನು ಇಟ್ಟೆ. ಅದನ್ನು ತೆಗೆದುಕೊಂಡ.

“ಸೆಪ್ಟೆಂಬರ್ 22ಕ್ಕೆ ಮುಗಿಯುತ್ತೆ ಮೇಷ್ಟ್ರೇ, ಹಿಂದಿನ ದಿನ ಜ್ಞಾಪಿಸ್ತೀನಿ,” ಎಂದು ಪುಸ್ತಕದ ಅಂಚಿನಲ್ಲಿ ಗುರುತು ಮಾಡಿಕೊಂಡ.

ಮನೆಗೆ ಬಂದು ಬೆರಳು ಮಡಿಸಿ ಎಣಿಸಿದೆ: ಜುಲೈ ಮೂವತ್ತೊಂದು, ಆಗಸ್ಟ್ ಮೂವತ್ತೊಂದು, ಮಿಕ್ಕದ್ದು ಇಪ್ಪತ್ತೆರಡು. ಲೆಕ್ಕ ಸರಿಯಾಗಿತ್ತು. ಸೆಪ್ಟೆಂಬರ್ 21ರ ಬೆಳಿಗ್ಗೆ, ಕೋಲೂರಿ ನಡೆಯುತ್ತಿದ್ದ ಭಾವನ ಜೊತೆಗೆ ಕೆರೆಯ ಏರಿಯ ಮೇಲೆ ಇದ್ದಾಗ, ಫೋನು ಎರಡು ಸಲ ಬಡಿದು ನಿಂತಿತು. ಮಿಸ್ಡ್ ಕಾಲು, ಅಂಗಡಿಯಿಂದ.